ಗೃಹಕೃತ್ಯವೂ ವಿಶ್ರಾಂತಿಯೂ

ಪೈಗಂಬರ್ ಮಹಮ್ಮದರ ಮಗಳಾದ ಫಾತಿಮಾ ಬೀಬಿಯವರ ಕೈಗಳು ಬೀಸುವ ಕಲ್ಲನ್ನು ತಿರುಗಿಸಿ ತಿರುಗಿಸಿ ನೊಂದಿದ್ದವು. ಮನೆಗೆಲಸಕ್ಕೆ ಒಂದು ಆಳನ್ನು ಬೇಡಲೆಂದು ಅವರು ತಂದೆಯ ಬಳಿಗೆ ಹೋದರು, ಭೇಟಿಯಾಗಲಿಲ್ಲ. ಆ ರಾತ್ರಿ ತಂದೆಯೇ ಮಗಳ ಮನೆಗೆ ಬಂದು, ಆಳಿಗಿಂತ ಮೇಲಾದುದನ್ನು ತಿಳಿಸುವೆನೆಂದು, ಮಲಗುವ ಮುನ್ನ ಮಾಡತಕ್ಕ ಅಲ್ಲಾಹನ ನಾಮಸ್ತುತಿಯನ್ನು ಉಪದೇಶಿಸಿದರು. ಬುಖಾರಿ ಮತ್ತು ಮುಸ್ಲಿಂ ಎಂಬ ಎರಡು ಹದೀಸ್ ಸಂಗ್ರಹಗಳಲ್ಲಿಯೂ ಈ ವೃತ್ತಾಂತವಿದೆ.

ಹೆಂಗಸರಿಗೆ ಸಹನೆಯನ್ನು ಬೋಧಿಸುವುದಕ್ಕೆ ಈ ಕಥೆಯನ್ನು ಹೇಳುವುದುಂಟು. ಆದರೆ ಅದರೊಳಗಿನ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಂಸ್ಕೃತದಂತೆಯೇ ಅರಬ್ಬಿಯಲ್ಲಿಯೂ ದ್ವಿವಚನವುಂಟು, ಕನ್ನಡದಲ್ಲಿ ಅದಿಲ್ಲ. ಮೂಲದಲ್ಲಿ ಆ ಉಪದೇಶವು ದ್ವಿವಚನದಲ್ಲಿದೆ. ಎಂದರೆ ಫಾತಿಮಾರಿಗೆ ಮಾತ್ರವಲ್ಲದೆ ಅವರ ಪತಿ ಅಲಿಯವರಿಗೂ ಹೇಳಿದುದು. ತಾವು ಆ ಬಳಿಕ ಅದನ್ನೆಂದೂ ಬಿಡಲಿಲ್ಲವೆಂದು ಅಲಿಯವರೇ ಹೇಳಿರುವರು. ಇಬ್ಬರಿಗೂ ಹೇಳಿದ ತಾಳ್ಮೆಯನ್ನು ಒಬ್ಬಳ ತಲೆಯ ಮೇಲೆಯೇ ಹೊರಿಸುವುದು ಯಾವ ನ್ಯಾಯ?

ಪೈಗಂಬರರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಅವರ ಪತ್ನಿ ಆಯಿಷಾ ಬೀಬಿಯವರು, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಜಿನ ವೇಳೆಗೆ ಹೊರಡುತ್ತಿದ್ದರು, ಎಂದುತ್ತರಿಸಿದರು. ಶಾಫಿ, ಹಂಬಲಿ ಪಂಥಗಳ ಬಹುಮಂದಿ ಧರ್ಮಶಾಸ್ತ್ರಜ್ಞರು ಅಡಿಗೆ ಮುಂತಾದ ಕೆಲಸಗಳನ್ನು ಹೆಂಡತಿಯ ಕಡ್ಡಾಯ ಕರ್ತವ್ಯವೆಂದು ಎಣಿಸಿಲ್ಲ. ನಮ್ಮ ಕರಾವಳಿಯ ಬ್ಯಾರಿ ಮುಸಲ್ಮಾನರಲ್ಲಿ ಹೆಚ್ಚಿನವರು ಶಾಫಿ ಪಂಥದವರೇ. ಹಾಗಾದ ಮೇಲೆ ಆಕೆ ಮಾಡುವ ಮನೆಗೆಲಸವು ಸಲ್ಲಿಸಬೇಕಾದ ಋಣವಲ್ಲ, ಒಲಿದು ಕೊಡುವ ಕೊಡುಗೆ. ಕೊಡುಗೆಯನ್ನು ಪಡೆದವನಿಗೆ ಕೃತಜ್ಞತೆಯ ಹೊಣೆಯುಂಟು.

ಗಂಡಸು ಹೊರಗೆ ದುಡಿದು ದಣಿಯುವುದಿಲ್ಲವೇ ಎಂದು ಕೇಳಬಹುದು. ದಣಿಯುವುದು ನಿಜ. ಆದರೆ ಅವನ ದುಡಿಮೆಗೆ ಸಾಯಂಕಾಲವೊಂದುಂಟು. ರಂಜಾನಿನ ಉಪವಾಸವು ಇಬ್ಬರಿಗೂ ಒಂದೇ ವಿಧಿ. ಆದರೂ ಸಹರಿಗಾಗಿ ಎಲ್ಲರಿಗಿಂತ ಮೊದಲೇಳುವವಳೂ, ಇಫ್ತಾರಿನ ಪಾತ್ರೆಗಳನ್ನು ತೊಳೆದು ಎಲ್ಲರ ಬಳಿಕ ಮಲಗುವವಳೂ ಸಾಮಾನ್ಯವಾಗಿ ಆಕೆಯೇ. ಇದು ಒಂದು ಮತದವರ ದೋಷವೆಂದು ಉಳಿದವರು ಹಿಗ್ಗಬೇಕಾಗಿಲ್ಲ. ಭಾರತ ಸರ್ಕಾರವು 2019ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಂತೆ, ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸಿದ್ದರು.

ವಿಶ್ರಾಂತಿಯು ದಾಕ್ಷಿಣ್ಯದಿಂದ ದೊರೆಯುವುದಾದರೆ, ದಾಕ್ಷಿಣ್ಯ ಬತ್ತಿದ ದಿನ ಅದೂ ಬತ್ತುವುದು. ಹಕ್ಕಾದರೆ ಮಾತ್ರ ನಿಲ್ಲುವುದು. ಕುರಾನು ದಾಂಪತ್ಯದ ಉದ್ದೇಶವನ್ನು ನೆಮ್ಮದಿಯೆಂದು ಕರೆದಿದೆ. ಒಬ್ಬರು ಎಚ್ಚತ್ತು ದುಡಿದು ಮತ್ತೊಬ್ಬರಿಗೆ ಒದಗಿಸುವ ನಿದ್ದೆಯು ಆ ನೆಮ್ಮದಿಯಲ್ಲ.