ಚಿತ್ತಾರವೂ ಅಂಕಿತವೂ

ಸಾಗರ ಸೀಮೆಯ ದೀವರ ಮನೆಗಳಲ್ಲಿ ಮದುವೆ ಬಂದರೆ ಹೆಂಗಳೆಯರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆಚಿತ್ತಾರ ಬರೆಯುವರು. ಅಕ್ಕಿಹಿಟ್ಟಿನ ಬಿಳುಪು, ಪುಂಡಿನಾರಿನ ಕುಂಚ. ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಬರೆದವಳ ಹೆಸರು ಗೋಡೆಯ ಮೇಲಿರದು. ಇಂದು ಅದೇ ಚಿತ್ತಾರ ಕಾಗದಕ್ಕಿಳಿದು, ಬರೆದವರ ಹೆಸರು ಹೊತ್ತು, ಬೆಂಗಳೂರಿನಂಥ ಪಟ್ಟಣಗಳಲ್ಲಿ ವಿಕ್ರಯವಾಗುತ್ತಿದೆ. ಮನೆತನದ ಸೊತ್ತಿಗೆ ಒಬ್ಬರು ಹೆಸರಿಟ್ಟು ಬೆಲೆ ಪಡೆಯುವುದು ಧರ್ಮವೇ?

ಶರಣರೂ ವಚನಗಳಿಗೆ ಅಂಕಿತವಿಟ್ಟರು. ಅದು ಬಹುಮಟ್ಟಿಗೆ ತಮ್ಮ ಹೆಸರಲ್ಲ, ಇಷ್ಟದೈವದ್ದು. ಆದರೆ ಕಾಯಕದ ಫಲವನ್ನು ಅವರು ನಿರಾಕರಿಸಲಿಲ್ಲ. ಮಿಗಿಲಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಮಾರಯ್ಯನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನೂ ಅಂದಂದಿನ ಅಕ್ಕಿಯನ್ನು ಬೇಡವೆನ್ನಲಿಲ್ಲ. ಕುಂಚ ಹಿಡಿದವಳು ಕೂಲಿ ಪಡೆಯಲಿ, ದೋಷವಿಲ್ಲ. ಕಲಿಸಿದ ಮನೆಯನ್ನು ಮರೆತು, ಕಲಿಯಬಂದ ಮಕ್ಕಳಿಗೆ ಬಚ್ಚಿಟ್ಟರೆ ದೋಷ. ವಿದ್ಯೆಗೂ ದಾಸೋಹವುಂಟು.