ಸರಕಾರ ಜಾಮೀನು ನಿಂತರೆ ಸಾಲ ಯಾರದು?

ಕೆಲವು ತಿಂಗಳ ಹಿಂದೆ ಮಗ್ರಿಬ್ ನಮಾಝ್‌ನ ಬಳಿಕ ನೆರೆಮನೆಯ ಯುವಕನೊಬ್ಬ ಮಸೀದಿಯ ಜಗಲಿಯಲ್ಲಿ ನನ್ನ ಬಳಿ ಬಂದು ಕುಳಿತ. ತನ್ನ ಹೊಲಿಗೆ ಅಂಗಡಿಯನ್ನು ವಿಸ್ತರಿಸಲು ಸರಕಾರಿ ಯೋಜನೆಯೊಂದರಲ್ಲಿ ಅವನು ಬ್ಯಾಂಕಿನಿಂದ ಸಾಲ ಪಡೆದಿದ್ದ. ಹೊಸ ಯಂತ್ರಗಳು ಬಂದಿದ್ದವು, ವ್ಯಾಪಾರವೂ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಕಂತು ಕಟ್ಟುವುದನ್ನು ಮಾತ್ರ ನಿಲ್ಲಿಸಿದ್ದ. ಕೇಳಿದ್ದಕ್ಕೆ ಹೇಳಿದ: "ಮಾಮಾ, ಆ ಸಾಲಕ್ಕೆ ಸರಕಾರವೇ ಜಾಮೀನು ನಿಂತಿದೆ. ನಾನು ಕಟ್ಟದಿದ್ದರೆ ಅದು ಕಟ್ಟುತ್ತದೆ. ಮೇಲಾಗಿ ಅದು ಬಡ್ಡಿಯ ಸಾಲ. ಬಡ್ಡಿ ಹರಾಮ್ ಅಲ್ಲವೇ? ಹರಾಮ್ ಸಾಲವನ್ನು ತೀರಿಸದಿದ್ದರೆ ಏನು ತಪ್ಪು?"

ಅವನ ಮಾತಿನಲ್ಲಿ ಎರಡು ವಾದಗಳಿವೆ. ಒಂದು ಜಾಮೀನಿನದು, ಇನ್ನೊಂದು ಬಡ್ಡಿಯದು. ಎರಡೂ ನಮ್ಮ ಸಮುದಾಯದಲ್ಲಿ ಆಗಾಗ ಕೇಳಿಬರುವ ಮಾತುಗಳೇ. ಆದ್ದರಿಂದ ಅವುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಒಳ್ಳೆಯದು.

ಜಾಮೀನು ಯಾರಿಗೆ?

ಸಣ್ಣ ಉದ್ದಿಮೆಗಾರನ ದೊಡ್ಡ ತೊಂದರೆ ಎಂದರೆ ಅಡವಿಡಲು ಅವನ ಬಳಿ ಆಸ್ತಿ ಇಲ್ಲದಿರುವುದು. ಈ ತೊಂದರೆಯನ್ನು ನೀಗಿಸಲೆಂದೇ ಕೇಂದ್ರ ಸರಕಾರ ಮತ್ತು ಸಿಡ್ಬಿ ಸೇರಿ 2000ದಲ್ಲಿ ಸಣ್ಣ ಉದ್ದಿಮೆಗಳ ಸಾಲ ಖಾತರಿ ನಿಧಿಯನ್ನು ಸ್ಥಾಪಿಸಿದವು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಸಾಲಗಳಿಗೂ ಇಂಥದೇ ಖಾತರಿ ನಿಧಿಯಿದೆ. ಅಮೆರಿಕದಲ್ಲಿ ಇದೇ ಕೆಲಸಕ್ಕಾಗಿ 1953ರಲ್ಲೇ ಸರಕಾರಿ ಸಂಸ್ಥೆಯೊಂದು ಸ್ಥಾಪನೆಯಾಗಿತ್ತು. ಸಾಲಗಾರ ಸೋತರೆ ಬ್ಯಾಂಕಿಗಾಗುವ ನಷ್ಟದ ಬಹುಪಾಲನ್ನು ನಿಧಿಯು ತುಂಬಿಕೊಡುತ್ತದೆ ಎಂಬುದೇ ಈ ಎಲ್ಲ ಯೋಜನೆಗಳ ತಿರುಳು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ಜಾಮೀನು ಬ್ಯಾಂಕಿನ ಧೈರ್ಯಕ್ಕಾಗಿ ಇದೆಯೇ ಹೊರತು ಸಾಲಗಾರನ ಬಿಡುಗಡೆಗಾಗಿ ಅಲ್ಲ. ನಿಧಿಯು ಬ್ಯಾಂಕಿಗೆ ಹಣ ಕೊಟ್ಟ ಮೇಲೂ ಸಾಲಗಾರನ ಹೊಣೆ ಕಾನೂನಿನಲ್ಲಿ ಉಳಿದೇ ಇರುತ್ತದೆ. ಸರಕಾರ ಕೊಡುವ ಹಣವಾದರೂ ಯಾರದು? ಒಂದು ಬೆಂಕಿಪೊಟ್ಟಣ ಕೊಳ್ಳುವಾಗಲೂ ತೆರಿಗೆ ಕಟ್ಟುವ ಕೂಲಿಕಾರನ, ವಿಧವೆಯ, ರೈತನ ಹಣ ಅದು.

ಕಾನೂನಿನ ಮಾತು ಹಾಗಿರಲಿ. ಧರ್ಮ ಏನು ಹೇಳುತ್ತದೆ? ಒಮ್ಮೆ ಜನಾಝವೊಂದನ್ನು ಪ್ರವಾದಿವರ್ಯರ(ಸ) ಮುಂದೆ ತರಲಾಯಿತು. ಮೃತನ ಮೇಲೆ ಕೆಲವು ದೀನಾರ್‌ಗಳ ಸಾಲವಿತ್ತು, ಅದನ್ನು ತೀರಿಸಲು ಅವನು ಏನನ್ನೂ ಬಿಟ್ಟು ಹೋಗಿರಲಿಲ್ಲ. ಪ್ರವಾದಿವರ್ಯರು(ಸ) ತಾವು ನಮಾಝ್ ನಿರ್ವಹಿಸದೆ, ಅನುಚರರೇ ನಿರ್ವಹಿಸಲಿ ಎಂದರು. ಆಗ ಅಬೂ ಕತಾದ(ರ) ಮುಂದೆ ಬಂದು ಆ ಸಾಲದ ಹೊಣೆಯನ್ನು ತಾವು ಹೊತ್ತುಕೊಂಡರು. ಬಳಿಕವಷ್ಟೇ ಪ್ರವಾದಿವರ್ಯರು(ಸ) ನಮಾಝ್ ನಿರ್ವಹಿಸಿದರು. ಮರುದಿನ ಅವರು ಅಬೂ ಕತಾದರನ್ನು ಕಂಡು ಸಾಲದ ವಿಷಯ ವಿಚಾರಿಸಿದರೆಂದೂ, ಹಣ ನಿಜವಾಗಿ ಸಂದಾಯವಾದ ಬಳಿಕವೇ ಮೃತನಿಗೆ ತಂಪಾಯಿತೆಂದು ನುಡಿದರೆಂದೂ ವರದಿಯಾಗಿದೆ. ಜಾಮೀನು ನಿಂತವರು ಪ್ರವಾದಿವರ್ಯರ(ಸ) ಸಂಗಾತಿ. ಆದರೂ ಅವರ ಮಾತಿನಿಂದ ಸಾಲ ಕರಗಲಿಲ್ಲ, ಪಾವತಿಯಿಂದ ಕರಗಿತು. ಹಾಗಿರುವಾಗ, ತೀರಿಸುವ ಶಕ್ತಿಯಿದ್ದೂ ಸುಮ್ಮನಿರುವವನಿಗೆ ಸರಕಾರದ ಖಾತರಿಪತ್ರ ಯಾವ ರಕ್ಷಣೆ ಕೊಟ್ಟೀತು? ಹುತಾತ್ಮನಿಗೂ ಸಾಲದ ಹೊರೆ ಕ್ಷಮೆಯಾಗುವುದಿಲ್ಲ ಎಂಬ ಎಚ್ಚರಿಕೆಯನ್ನು ಮರೆಯಲು ಸಾಧ್ಯವೇ?

ನಿಜವಾಗಿ ಸೋತವನ ವಿಷಯ ಬೇರೆ. ಸಂಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದೂ ಬಿಟ್ಟುಬಿಡುವುದು ಇನ್ನೂ ಉತ್ತಮವೆಂದೂ ಪವಿತ್ರ ಕುರ್‌ಆನ್ ಕಲಿಸುತ್ತದೆ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವನೂ ಇದ್ದಾನೆ. ಆದರೆ ಉಳ್ಳವನು ಸಾಲ ತೀರಿಸಲು ಸತಾಯಿಸುವುದನ್ನು ಪ್ರವಾದಿವರ್ಯರು(ಸ) ಅಕ್ರಮವೆಂದು ಕರೆದರು. 1980ರ ದಶಕದ ಸಾಲ ಮೇಳಗಳು, 1990ರಲ್ಲಿ 10,000 ರೂಪಾಯಿವರೆಗಿನ ಗ್ರಾಮೀಣ ಸಾಲಗಳಿಗೆ ಸಿಕ್ಕಿದ ಮನ್ನಾ, ಇವೆಲ್ಲ ಎಷ್ಟೋ ಬಡವರ ಕಣ್ಣೀರು ಒರೆಸಿರಬಹುದು. ಆದರೆ ಮುಂದಿನ ಮನ್ನಾಕ್ಕಾಗಿ ಕಾದು ಕುಳಿತುಕೊಳ್ಳುವ ಚಾಳಿಯನ್ನೂ ಅವು ಕೆಲವರಲ್ಲಿ ಬಿಟ್ಟುಹೋದವು. ಅಶಕ್ತನಿಗೆ ಮೀಸಲಾದ ಕನಿಕರವನ್ನು ಶಕ್ತನು ಕಬಳಿಸಿದರೆ, ಕಡೆಗೆ ಬಾಗಿಲು ಮುಚ್ಚುವುದು ಅಶಕ್ತನಿಗೇ.

ಬಡ್ಡಿಯ ನೆಪ

ಇನ್ನು ಎರಡನೆಯ ವಾದ. ಬಡ್ಡಿ ನಿಷಿದ್ಧ, ಇದರಲ್ಲಿ ಸಂಶಯವಿಲ್ಲ. ಸರಕಾರದ ಮುದ್ರೆ ಬಿದ್ದ ಮಾತ್ರಕ್ಕೆ ಅದು ಧರ್ಮಸಮ್ಮತವಾಗುವುದಿಲ್ಲ. ಸರಕಾರಿ ಸಂಸ್ಥೆಗಳು ಹೊರಡಿಸಿದ ತೆರಿಗೆ ವಿನಾಯಿತಿಯ ಬಾಂಡ್‌ಗಳ ವಿಷಯವೂ ಅಷ್ಟೇ. ಅವುಗಳ ಬಡ್ಡಿಗೆ ಆದಾಯ ತೆರಿಗೆ ಇಲ್ಲ, ಆದರೆ ತೆರಿಗೆ ಇಲ್ಲದ ಬಡ್ಡಿಯೂ ಬಡ್ಡಿಯೇ. ಆದರೆ ಪಡೆದ ಅಸಲು? ಅದು ಇನ್ನೊಬ್ಬರ ಸೊತ್ತು. ಬಡ್ಡಿಯ ಪಾಪವನ್ನು ತೋರಿಸಿ ಅಸಲನ್ನು ನುಂಗುವುದೆಂದರೆ ಒಂದು ಹರಾಮನ್ನು ಇನ್ನೊಂದು ಹರಾಮಿನಿಂದ ತೊಳೆಯಲು ಹೊರಟಂತೆ. ಸಾಲ ಪಡೆಯುವಾಗ ನೆನಪಾಗದ ಧರ್ಮ ತೀರಿಸುವಾಗ ಮಾತ್ರ ನೆನಪಾಗುವುದು ಧರ್ಮನಿಷ್ಠೆಯಲ್ಲ. ಇಂಥ ಸಾಲದಲ್ಲಿ ಸಿಲುಕಿದವನ ದಾರಿ ಒಂದೇ: ಪಶ್ಚಾತ್ತಾಪಪಟ್ಟು, ಬಡ್ಡಿ ಬೆಳೆಯದಂತೆ ಅಸಲನ್ನು ಆದಷ್ಟು ಬೇಗ ತೀರಿಸಿ ಹೊರಬರುವುದು.

ಎಲ್ಲ ಸರಕಾರಿ ನೆರವೂ ಒಂದೇ ಬಗೆಯದಲ್ಲ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಅಲ್ಪಸಂಖ್ಯಾತರ ಘಟಕಗಳಿಗೆ ಯೋಜನಾ ವೆಚ್ಚದ ಶೇ. 25ರಷ್ಟು ನಗರದಲ್ಲೂ ಶೇ. 35ರಷ್ಟು ಹಳ್ಳಿಯಲ್ಲೂ ಸಹಾಯಧನ ನಿಗದಿಯಾಯಿತು. ಕರ್ನಾಟಕದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಯೋಜನೆಯಲ್ಲಿ ಶೇ. 4ರ ಬಡ್ಡಿಯಿದೆ, ಆದರೆ ಅರ್ಧ ಮೊತ್ತವನ್ನು 36 ತಿಂಗಳೊಳಗೆ ತೀರಿಸಿದವನಿಗೆ ಉಳಿದರ್ಧ ಸಹಾಯಧನವಾಗುತ್ತದೆ. ಪಡೆದದ್ದಕ್ಕಿಂತ ಕಡಿಮೆ ಮರಳಿಸುವ ಇಂಥ ವ್ಯವಹಾರವನ್ನು ಬಡ್ಡಿಯೆನ್ನಲಾಗದು ಎಂಬ ಅಭಿಪ್ರಾಯ ಕೆಲವು ವಿದ್ವಾಂಸರದು. ಬಡ್ಡಿಯ ಹೆಸರಿನಲ್ಲಿ ಪಡೆಯುವುದರಿಂದ ದೂರವಿರುವುದೇ ಲೇಸು ಎನ್ನುವವರೂ ಇದ್ದಾರೆ. ಅರ್ಜಿ ಹಾಕುವ ಮೊದಲು ಲೆಕ್ಕವನ್ನು ಬರೆದು ವಿಶ್ವಾಸಾರ್ಹ ವಿದ್ವಾಂಸರ ಮುಂದಿಡುವುದು ಒಳ್ಳೆಯದು.

ಉಮರ್(ರ) ಕೇಳಿದ ಪ್ರಶ್ನೆ

ಸಾರ್ವಜನಿಕ ಹಣದಿಂದ ವ್ಯಾಪಾರ ಮಾಡುವ ಪ್ರಶ್ನೆ ಖಲೀಫಾ ಉಮರ್(ರ)ರ ಮನೆಯಲ್ಲೇ ಎದ್ದಿತ್ತು. ಅವರ ಮಕ್ಕಳಾದ ಅಬ್ದುಲ್ಲಾ ಮತ್ತು ಉಬೈದುಲ್ಲಾ ಸೈನ್ಯದೊಂದಿಗೆ ಇರಾಕಿಗೆ ಹೋಗಿ ಮರಳುವಾಗ ಬಸ್ರಾದ ರಾಜ್ಯಪಾಲ ಅಬೂ ಮೂಸಾ ಅಲ್ ಅಶ್‌ಅರಿ(ರ) ಮದೀನಕ್ಕೆ ಕಳುಹಿಸಬೇಕಿದ್ದ ಬೈತುಲ್ ಮಾಲ್‌ನ ಹಣವನ್ನು ಅವರಿಗೆ ಸಾಲವಾಗಿ ಕೊಟ್ಟರು. ಅವರು ಸರಕು ಕೊಂಡು ಮದೀನದಲ್ಲಿ ಮಾರಿ ಲಾಭ ಗಳಿಸಿದರು. ಉಮರ್(ರ) ಕೇಳಿದ ಮೊದಲ ಪ್ರಶ್ನೆ, ಸೈನ್ಯದ ಎಲ್ಲರಿಗೂ ಹೀಗೆ ಸಾಲ ಸಿಕ್ಕಿತ್ತೇ ಎಂಬುದು. ಇಲ್ಲವೆಂದಾಗ ಅಸಲಿನೊಂದಿಗೆ ಲಾಭವನ್ನೂ ಒಪ್ಪಿಸುವಂತೆ ಆಜ್ಞಾಪಿಸಿದರು. ನಷ್ಟವಾಗಿದ್ದರೆ ತಾವೇ ಹೊರಬೇಕಿತ್ತಲ್ಲ ಎಂದು ಉಬೈದುಲ್ಲಾ ವಾದಿಸಿದರು. ಕೊನೆಗೆ ಸಭೆಯಲ್ಲಿದ್ದವರೊಬ್ಬರ ಸಲಹೆಯಂತೆ ಅದನ್ನು ಪಾಲುದಾರಿಕೆಯೆಂದು ಪರಿಗಣಿಸಿ, ಅರ್ಧ ಲಾಭ ಬೈತುಲ್ ಮಾಲ್‌ಗೆ, ಅರ್ಧ ಮಕ್ಕಳಿಗೆ ಎಂದು ತೀರ್ಮಾನವಾಯಿತು.

ಈ ಘಟನೆಯಲ್ಲಿ ಆಳುವವರಿಗೂ ಪಾಠವಿದೆ, ನಮಗೂ ಇದೆ. ಸಾರ್ವಜನಿಕ ಹಣದ ಬಾಗಿಲು ಪ್ರಭಾವವುಳ್ಳವನಿಗೆ ಮಾತ್ರ ತೆರೆಯಬಾರದು. ಸುಳ್ಳು ಆದಾಯ ಪತ್ರ ಕೊಟ್ಟು ಅಥವಾ ದಲ್ಲಾಳಿಗೆ ಕಮಿಷನ್ ಕೊಟ್ಟು ಪಡೆದ ಸಾಲವು ಅರ್ಹನೊಬ್ಬನ ಸರದಿಯನ್ನು ಕಸಿದುಕೊಂಡ ಸಾಲ. ಲಾಭ ನನಗೆ, ನಷ್ಟ ಜನರಿಗೆ ಎಂಬ ಲೆಕ್ಕಕ್ಕೂ ಇಲ್ಲಿ ಸ್ಥಾನವಿಲ್ಲ. ಇಸ್ಲಾಮಿನ ಪಾಲುದಾರಿಕೆಯಲ್ಲಿ ಬಂಡವಾಳ ಕೊಟ್ಟವನೂ ಅಪಾಯ ಹೊರುತ್ತಾನೆ, ದುಡಿಯುವವನ ಶ್ರಮವೂ ಪಣಕ್ಕಿರುತ್ತದೆ. ಬಡ್ಡಿಯ ವ್ಯವಸ್ಥೆಯಲ್ಲಾದರೋ ಬ್ಯಾಂಕು ಸುರಕ್ಷಿತ, ಉಂಡೆನಾಮ ಹಾಕುವವನೂ ಸುರಕ್ಷಿತ, ಹೊರೆ ಮಾತ್ರ ಇಬ್ಬರನ್ನೂ ಕಾಣದ ಮೂರನೆಯವನ ಹೆಗಲಿಗೆ.

ಹಾಗಾದರೆ ಬೆಳೆಯಬಯಸುವ ಯುವಕ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉಪದೇಶ ಸಾಲದು. ಮದುವೆಯ ಮಂಟಪಕ್ಕೆ ಒಂದೇ ರಾತ್ರಿಯಲ್ಲಿ ಲಕ್ಷಗಳನ್ನು ಸುರಿಯುವ ನಮ್ಮ ಸಿರಿವಂತರು ಒಬ್ಬ ಪ್ರಾಮಾಣಿಕ ಹೊಲಿಗೆಗಾರನೊಂದಿಗೆ ಲಾಭ ನಷ್ಟದ ಪಾಲುದಾರರಾಗಲು ಹಿಂಜರಿಯುವುದೇಕೆ? ಪ್ರತಿಯೊಂದು ಜಮಾಅತ್‌ನಲ್ಲೂ ಬಡ್ಡಿರಹಿತ ಸಾಲ ನಿಧಿಯೊಂದು ಯಾಕಿರಬಾರದು? ಪಡೆದವರು ಸಕಾಲದಲ್ಲಿ ಮರಳಿಸಿದರೆ ಮಾತ್ರ ಅಂಥ ನಿಧಿ ಬದುಕುತ್ತದೆ. ಬ್ಯಾಂಕಿಗೆ ಕೈಕೊಡಲು ಕಲಿತವನು ನಾಳೆ ಜಮಾಅತ್‌ನ ನಿಧಿಗೂ ಕೈಕೊಡುತ್ತಾನೆ.

ಆ ಯುವಕನಿಗೆ ನಾನು ಇಷ್ಟನ್ನೇ ಹೇಳಿದೆ. ಅವನು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತು ತಲೆತಗ್ಗಿಸಿ ಕುಳಿತು, ಇಶಾ ಬಾಂಗ್ ಕೇಳಿದೊಡನೆ ವುಝೂ ಮಾಡಲು ಎದ್ದು ಹೋದ. ಮುಂದಿನ ತಿಂಗಳಿನಿಂದ ಅವನು ಕಂತು ಕಟ್ಟತೊಡಗಿದ್ದಾನೆಂದು ಅವನ ತಾಯಿ ನನ್ನ ಪತ್ನಿಯೊಡನೆ ಹೇಳಿದರಂತೆ. ಸರಕಾರದ ಜಾಮೀನು ಈ ಲೋಕದ ಕಚೇರಿಯಲ್ಲಷ್ಟೇ ನಡೆಯುತ್ತದೆ. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಪ್ರತಿಯೊಬ್ಬನೂ ತನ್ನ ಲೆಕ್ಕಪುಸ್ತಕದೊಂದಿಗೆ ಒಂಟಿಯಾಗಿ ನಿಲ್ಲಬೇಕಾಗಿದೆ. ಅನ್ಯರ ಹಕ್ಕಿನ ಹೊರೆಯಿಲ್ಲದೆ ಅಲ್ಲಿ ನಿಲ್ಲುವ ಭಾಗ್ಯವನ್ನು ಅವನು ನಮಗೆಲ್ಲ ಕರುಣಿಸಲಿ.