ಮೆರುಗು ಸುಳ್ಳೆ?

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಗಾದೆ ಹೇಳುವವನಿಗೆ ಒಂದು ಅನುಕೂಲವುಂಟು: ಅವನು ಹಾಲಿನ ಪಕ್ಷದವನೆಂದು ಕೇಳುವವರು ನಂಬಿಬಿಡುತ್ತಾರೆ. ಆ ಅನುಕೂಲವನ್ನು ನಾನು ಕಳೆದುಕೊಂಡದ್ದು ಹೇಗೆಂಬುದನ್ನು ಇಲ್ಲಿ ಹೇಳಬೇಕಾಗಿದೆ.

ಭಾಲ್ಕಿಯಲ್ಲಿರುವ ನನ್ನ ಅಕ್ಕನ ಮಗ ಮನೆಯ ಹಿತ್ತಿಲಲ್ಲಿ ಒಂದು ಹೊಸ ಉದ್ಯೋಗ ಹೂಡಿದ್ದಾನೆ. ಮೋಟಾರು ಸೈಕಲ್ಲಿನ ಮಾಸಿದ ಭಾಗಗಳು, ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಹೂದಾನಿಗಳು, ಇವಕ್ಕೆಲ್ಲ ಕನ್ನಡಿಯ ಮೆರುಗು ಕೊಡುವುದು. ಮೊದಲು ವಸ್ತುವಿಗೆ ನುಣುಪಾದ ಕಪ್ಪು ಬಣ್ಣ ಹೊಡೆಯುತ್ತಾನೆ. ಅದು ಒಣಗಿದ ಮೇಲೆ ತವರದ ಲವಣದ ದ್ರಾವಣದಿಂದ ತೊಯ್ಸಿ, ಬಟ್ಟಿಯಿಳಿಸಿದ ನೀರಿನಲ್ಲಿ ತೊಳೆಯುತ್ತಾನೆ. ಆಮೇಲೆ ಎರಡು ಮೂತಿಯ ಪಿಚಕಾರಿ; ಒಂದರಿಂದ ಅಮೋನಿಯ ಬೆರೆಸಿದ ಸಿಲ್ವರ್ ನೈಟ್ರೇಟ್, ಇನ್ನೊಂದರಿಂದ ಗ್ಲೂಕೋಸಿನಂಥ ದ್ರಾವಣ. ಎರಡು ತುಂತುರುಗಳೂ ಕೂಡಿದಲ್ಲಿ ಬೆಳ್ಳಿ ಹುಟ್ಟಿ ವಸ್ತುವಿನ ಮೇಲೆ ಕೂರುತ್ತದೆ. ನೋಡನೋಡುತ್ತಿದ್ದಂತೆ ಕಪ್ಪು ಮರೆಯಾಗಿ ನಮ್ಮ ಮುಖ ಕಾಣತೊಡಗುತ್ತದೆ. ಕೊನೆಗೆ, ಗಾಳಿ ತಗುಲಿ ಮಾಸದಂತೆ, ಮೇಲೊಂದು ಪಾರದರ್ಶಕ ಲೇಪ. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1835ರಲ್ಲಿ ಕಂಡುಕೊಂಡ ವಿದ್ಯೆಯ ಸಂತಾನವೇ ಇದು. ಪಾದರಸದ ವಿಷದಿಂದ ಕನ್ನಡಿಯ ಕೆಲಸಗಾರರನ್ನು ಕಾಲಕ್ರಮದಲ್ಲಿ ಬಿಡಿಸಿದ ವಿದ್ಯೆ. ಹಾಗೆಂದು ಅಪಾಯವಿಲ್ಲದ್ದೇನೂ ಅಲ್ಲ. ಅಮೋನಿಯ ಬೆರೆತ ಬೆಳ್ಳಿಯ ದ್ರಾವಣವನ್ನು ಹಾಗೆಯೇ ಕೂಡಿಟ್ಟರೆ ಅದರಲ್ಲಿ ಸಿಡಿಯುವ ಪದಾರ್ಥ ಹುಟ್ಟಬಹುದು. ಅಂದಿನದನ್ನು ಅಂದೇ ತೀರಿಸಬೇಕು. ಹುಡುಗನ ಬೆರಳುಗಳೆಲ್ಲ ಕಪ್ಪಗಾಗಿದ್ದವು.

“ಇದೆಲ್ಲಾ ಸುಳ್ಳ ಹೊಳಪಲ್ಲೇನೋ?” ಎಂದೆ, ಪಾಠದ ಧಾಟಿಯಲ್ಲಿ.

“ಸುಳ್ಳ ಹ್ಯಾಂಗಾಯ್ತು ಮಾಮಾ? ಖರೇ ಬೆಳ್ಳಿನೇ ಅದ. ತೆಳ್ಳಗದ, ಅಷ್ಟೇ.”

ಅವನ ಮಾತು ನಿಜ. ಕೂದಲಿನ ದಪ್ಪದ ನೂರರಲ್ಲೊಂದು ಪಾಲೂ ಇಲ್ಲ. ಆದರೂ ಬೆಳ್ಳಿ ಬೆಳ್ಳಿಯೇ. ಸೋತೆನೆಂದು ಒಪ್ಪದೆ, ಅವನು ಮಾಡಿದ್ದ ಒಂದು ಆರತಿ ತಟ್ಟೆಯನ್ನು ಮೆಚ್ಚಿ ಮನೆಗೆ ತಂದೆ.

ಕೆಲವು ದಿನಗಳ ಮೇಲೆ ಔರಾದಿನಲ್ಲಿ ಪರಿಚಿತರ ಮನೆಯ ಮದುವೆ. ತಟ್ಟೆಯನ್ನು ಉಡುಗೊರೆಯಾಗಿ ಒಯ್ದೆ. ಮದುಮಗಳ ಅಜ್ಜಿ ಅದನ್ನು ಎರಡು ಕೈಯಲ್ಲೂ ಹಿಡಿದು, “ಬೆಳ್ಳಿ ತಾಟು! ಇಷ್ಟೆಲ್ಲಾ ಯಾಕ ತಂದ್ರಿ ಮಾಸ್ತರ್ರೇ?” ಎಂದರು. ನಾಲ್ಕು ಜನ ತಿರುಗಿ ನೋಡಿದರು. ನಾನು ನಕ್ಕು ಕೈಮುಗಿದೆ. ಒಂದೇ ಒಂದು ಸುಳ್ಳು ಮಾತನ್ನೂ ಆಡಲಿಲ್ಲ.

ಬೀದರಿಗೆ ಮರಳುವ ಬಸ್ಸಿನಲ್ಲಿ ನನ್ನ ಪರವಾಗಿ ನಾನೇ ವಕಾಲತ್ತು ವಹಿಸಿದೆ. ಲೇಪವೆಲ್ಲ ಸುಳ್ಳಾದರೆ ಕಲಾಯಿಯೂ ಸುಳ್ಳಾಗಬೇಕಷ್ಟೆ? ತಾಮ್ರದ ಪಾತ್ರೆಗೆ ತವರ ಬಳಿಯುವುದು, ಹುಳಿ ತಾಗಿ ಕಿಲುಬು ಅಡುಗೆಗೆ ಸೇರದಿರಲೆಂದು. ಅದು ಉಪಕಾರದ ಲೇಪ. ನಮ್ಮೂರಿನ ಮಹಮೂದ್ ಗವಾನನ ಮದರಸಾ 1472ರದು. ಅದರ ಗೋಡೆಗೂ ಬಣ್ಣದ ಮೆರುಗುಬಿಲ್ಲೆಗಳನ್ನು ಹೊದಿಸಿದ್ದರು. ಬಹುಪಾಲು ಉದುರಿಹೋಗಿ ಒಳಗಿನ ಗೋಡೆ ಕಾಣುತ್ತಿದೆ. ಆದರೆ ಗೋಡೆ ನಮ್ಮನ್ನು ವಂಚಿಸಿತೆಂದು ಯಾರೂ ದೂರುವುದಿಲ್ಲ. ಅದು ಅಲಂಕಾರದ ಲೇಪ. ಹಾಗಿರಲು ನನ್ನ ತಟ್ಟೆಯಿಂದ ಯಾರಿಗೆ ನಷ್ಟ?

ನಷ್ಟವಿತ್ತು. ನಮ್ಮ ಮನೆಗಳಲ್ಲಿ ಬೆಳ್ಳಿ ಬರಿಯ ಹೊಳಪಲ್ಲ, ಕಷ್ಟಕಾಲದ ಗಂಟು. ಮಳೆ ಕೈಕೊಟ್ಟ ವರ್ಷ, ಕಾಯಿಲೆ ಬಂದ ತಿಂಗಳು, ಹೆಣ್ಣುಮಗಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಸರಾಫನ ಅಂಗಡಿಗೆ ಹೋಗುತ್ತಾಳೆ. ಆ ಮಗು ಒಂದು ದಿನ ಆ ಅಂಗಡಿಯ ತಕ್ಕಡಿಯ ಮುಂದೆ ನಿಲ್ಲುವುದನ್ನು ನೆನೆದಾಗ ನನ್ನ ವಕಾಲತ್ತು ಮುಗಿಯಿತು.

ಮರುದಿನ ಸಂಜೆ ಬಿದರಿ ಕೆಲಸದ ಒಂದು ಅಂಗಡಿಯ ಮುಂದೆ ಹಾಯ್ದುಹೋಗುವಾಗ ಕಾಲು ತಾನೇ ನಿಂತಿತು. ಬಿದರಿಯಲ್ಲಿಯೂ ಬೆಳ್ಳಿ ಕಡಿಮೆಯೇ. ಒಡಲೆಲ್ಲ ಸತು, ಅದರಲ್ಲಿ ಸ್ವಲ್ಪ ತಾಮ್ರ. ಉಳಿಯಿಂದ ಚಿತ್ತಾರ ಕೊರೆದು, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಉಜ್ಜಿ ನುಣುಪು ಮಾಡಿದಾಗ ಸತುವೂ ಬೆಳ್ಳಿಯೂ ಒಂದೇ ಬಣ್ಣವಾಗಿ, ಯಾವುದು ಯಾವುದೆಂದು ಗುರುತು ಸಿಕ್ಕುವುದು ಕಷ್ಟ. ಅಲ್ಲಿಗೇ ನಿಲ್ಲಿಸಿದ್ದರೆ ಇಡೀ ಹೂದಾನಿ ಬೆಳ್ಳಿಯದೆಂದು ನಂಬುವವರು ಸಿಕ್ಕುತ್ತಿದ್ದರು! ಆದರೆ ಕುಶಲಕರ್ಮಿ ಅಲ್ಲಿಗೆ ನಿಲ್ಲಿಸುವುದಿಲ್ಲ. ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾನೆ. ಒಡಲು ಕಾಡಿಗೆಯಂತೆ ಕಪ್ಪಾಗುತ್ತದೆ; ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಬೀದರಿನ ಶಾಹ್ ರಶೀದ್ ಅಹಮದ್ ಖಾದ್ರಿಯವರ ವಿದ್ಯೆ ಇದೇ.

ಕಪ್ಪು ಎರಡು ಕಡೆಯೂ ಉಂಟು. ಸೋದರಳಿಯನ ತಟ್ಟೆಯಲ್ಲಿ ಅದು ಬೆಳ್ಳಿಯ ಅಡಿಯಲ್ಲಿ ಅಡಗಿದೆ. ಬಿದರಿಯಲ್ಲಿ ಬೆಳ್ಳಿಯ ಪಕ್ಕದಲ್ಲಿಯೇ ಕುಳಿತಿದೆ. ನನ್ನಲ್ಲಿ ಬೆಳ್ಳಿ ಇಷ್ಟು, ಉಳಿದುದು ಸತು ಎಂದು ಬಿದರಿ ತನ್ನ ಲೆಕ್ಕವನ್ನು ಮೈಮೇಲೆಯೇ ಬರೆದುಕೊಂಡಿದೆ. ತನ್ನ ಲೆಕ್ಕ ತಾನು ಹೇಳಲಾರದ ವಸ್ತುವಿನ ಪರವಾಗಿ ಅದನ್ನು ಕೊಡುವವನು ಬಾಯಿ ಬಿಡಬೇಕು. ಭಾಲ್ಕಿಯ ಹುಡುಗ ಬಿಡುತ್ತಾನೆ. ಪ್ಲಾಸ್ಟಿಕ್ಕೆಂದು ಹೇಳಿಯೇ ಗಿರಾಕಿಯಿಂದ ಹಣ ಎಣಿಸಿಕೊಳ್ಳುತ್ತಾನೆ. ಅವನ ಕೈಯಲ್ಲಿ ಅಲಂಕಾರವಾಗಿದ್ದ ತಟ್ಟೆ ನನ್ನ ಕೈಗೆ ಬಂದು ಸುಳ್ಳಾಯಿತು. ವಿದ್ಯಾವಂತನ ಮೌನಕ್ಕೆ ಎಂಥ ಮೆರುಗು!

ಮುಂದಿನ ಭಾನುವಾರ ಔರಾದಿಗೆ ಹೋದೆ. ಅಜ್ಜಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಅವರು ಮೊರವನ್ನು ಕೆಳಗಿಟ್ಟರು.

“ಕೈಯಾಗ ಹಿಡಿದಾಗೇ ತಿಳೀತ್ರಿ ಮಾಸ್ತರ್ರೇ, ಹಗುರ ಅದ ಅಂತ. ನೀವೇ ಹೇಳ್ತೀರೇನೋ ಅಂತ ಸುಮ್ಮನಿದ್ದೆ.”

ಚಹಾ ಕೊಟ್ಟರು. ಗೂಡಿನಲ್ಲಿ ಅರಿಶಿನ ಕುಂಕುಮದ ಬಟ್ಟಲುಗಳ ಕೆಳಗೆ ಆ ತಟ್ಟೆ ಇತ್ತು. ಮೊಮ್ಮಗಳಿಗೆ ಕೊಟ್ಟುಕಳಿಸಿರಲಿಲ್ಲ, ತಮ್ಮಲ್ಲಿಯೇ ಇಟ್ಟುಕೊಂಡಿದ್ದರು.